ದೋಣಿಯಲ್ಲಿ ಹಿಂದೆ ನೋಡುವ ಜಾಗ

ಕೆರೆದಂಡೆಯ ಮನೆ,
೧೪ ಮೇ, ಭಾನುವಾರ ಸಂಜೆ

ಪ್ರೀತಿಯ ನಿಮಗೆ,

ಹಡಗಿನಲ್ಲಿ ಹೇಗಿದ್ದೀರಿ? ಇಂಜಿನ್ ರೂಮಿನ ಬಿಸಿಗೆ ಬಂದಿದ್ದ ಕೆಮ್ಮು ಕಡಿಮೆಯಾಯಿತೇ? ಬೆನ್ನಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೀರಾ? ಇಲ್ಲಿ ನಾನು, ನಿಮ್ಮ ಅಮ್ಮ, ನಿಮ್ಮ ತಂಗಿ ಮೂವರೂ ಚೆನ್ನಾಗಿದ್ದೇವೆ. ನನ್ನ ತೋಳು ಮಾತ್ರ ಬಾಚಣಿಗೆ ಎತ್ತಲಾಗದಷ್ಟು ನೋಯುತ್ತಿದೆ. ಯಾಕೆಂದು ಹೇಳುತ್ತೇನೆ, ಬಿ.ಪಿ. ಮಾತ್ರೆ ನುಂಗಿ ಓದಿ.

"ನಾನು ಬರೋವರೆಗೂ ನನ್ನ ಸ್ಕೀ ಮುಟ್ಟಬೇಡ, ಅದು ನಿನ್ನ ಕೈಲಾಗೋದಲ್ಲ" ಎಂದು ಫೋನಿನಲ್ಲಿ ಹೇಳಿದಿರಲ್ಲ, ಮುಟ್ಟಿದೆ. ಮುಟ್ಟಿದ್ದಷ್ಟೇ ಅಲ್ಲ, ಹಾಕಿಕೊಂಡು ನೀರಿಗಿಳಿದೆ. ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆ ಜೋಡಿ ಹಲಗೆಯ ರಬ್ಬರ್ ಬೂಟು ನನ್ನ ಕಾಲಿಗೆ ದೊಡ್ಡದು, ಪಟ್ಟಿ ಎಳೆದು ಬಿಗಿದುಕೊಂಡೆ. ಲೈಫ್ ಜಾಕೆಟ್ ಮಾತ್ರ ನನ್ನ ಅಳತೆಗೆ ಹೊಸದು ತಂದೆ; ಸಡಿಲವಾಗಿದ್ದರೆ ಬಿದ್ದಾಗ ಕಿವಿಯವರೆಗೆ ಏರುತ್ತದೆ ಎಂದವರು ನೀವೇ. ದೋಣಿ ಓಡಿಸಿದ್ದು ನಿಮ್ಮ ತಂಗಿ. ಹಗ್ಗ ಹಿಡಿದು ಬರುವವರ ಮೇಲೆ ಕಣ್ಣಿಡಲು ದೋಣಿಯಲ್ಲಿ ಇನ್ನೊಬ್ಬರು ಹಿಂದೆ ತಿರುಗಿ ಕೂರಲೇಬೇಕಲ್ಲ, ಮದುವೆಯಾದಾಗಿನಿಂದ ನನ್ನದೇ ಆಗಿದ್ದ ಆ ಜಾಗದಲ್ಲಿ ಈ ಸಲ ಅತ್ತೆ ಕೂತರು.

ಮೊದಮೊದಲು ಹಗ್ಗದ ಹಿಡಿಯನ್ನು ನಾನೇ ಎಳೆದುಕೊಂಡು ಎದ್ದು ನಿಲ್ಲಲು ಹೋಗಿ ಹೊಟ್ಟೆ ತುಂಬ ಕೆರೆ ನೀರು ಕುಡಿದೆ. "ಅತ್ತಿಗೆ, ನೀವು ಏಳ್ಬೇಡಿ, ಮಂಡಿ ಮಡಚ್ಕೊಂಡು ಸುಮ್ನೆ ಕೂತಿರಿ, ದೋಣಿನೇ ಎಬ್ಬಿಸುತ್ತೆ" ಎಂದು ನಿಮ್ಮ ತಂಗಿ ಕೂಗಿಕೊಂಡಳು. ಹಾಗೇ ಮಾಡಿದೆ. ಎದ್ದೆ ಕಣ್ರೀ! ಖುಷಿ ತಡೆಯಲಾರದೆ ಅತ್ತೆಗೆ ಹೆಬ್ಬೆರಳು ಎತ್ತಿ ತೋರಿಸಿದೆ. ನೀರಿನ ಮೇಲೆ ಅದಕ್ಕೆ ಅರ್ಥ ವೇಗ ಹೆಚ್ಚಿಸಿ ಎಂದು. ಇಷ್ಟು ವರ್ಷ ನೀವು ಹೆಬ್ಬೆರಳು ಎತ್ತಿದಾಗಲೆಲ್ಲ ಡ್ರೈವರಿಗೆ ಕೂಗಿ ಹೇಳುತ್ತಿದ್ದವಳು ನಾನೇ, ಆ ಗಳಿಗೆಯಲ್ಲಿ ಮರೆತೇಹೋಯಿತು. "ಇನ್ನೂ ಜೋರಾಗಿ ಹೋಗ್ಬೇಕಂತೆ ಕಣೇ!" ಎಂದು ಅತ್ತೆ ಮಗಳಿಗೆ ಕೂಗಿದ್ದು ನನಗೂ ಕೇಳಿಸಿತು. ದೋಣಿ ಒಮ್ಮೆಲೇ ನುಗ್ಗಿ ನನ್ನನ್ನು ಜಗ್ಗಿತು. ಆದರೆ ಬೀಳಲಿಲ್ಲ. ಕೆರೆಯ ಆಚೆ ದಡದವರೆಗೆ ಹೋಗಿ ಬಂದೆ. ಕೋಪ ಬಂದರೆ ಬರಲಿ, ನನ್ನ ಕೈಲಾಗುತ್ತದೆ.

ಅಮ್ಮನ ಆಶೀರ್ವಾದ, ತಂಗಿಯ ನಮಸ್ಕಾರ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ನಿಮ್ಮ ಮಾತು ಕೇಳದ
ಮನೆಯವಳು

ತಾ.ಕ.: ಹಿಂದಕ್ಕೆ ತಿರುಗಿ ಕೂತರೆ ತಲೆ ಸುತ್ತುತ್ತದೆ, ಇನ್ನು ಕೂರುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದಾರೆ. ನೀವು ಬಂದ ಮೇಲೆ ಆ ಜಾಗ ನಿಮ್ಮದು. ಇಷ್ಟು ವರ್ಷ ನಾನು ನಿಮ್ಮನ್ನು ನೋಡುತ್ತ ಕೂತೆ. ಇನ್ನು ನೀವು ನನ್ನನ್ನು ನೋಡಬೇಕು.