ಸೀತಕ್ಕನ ಕಪ್ಪು ಉಗುರು

ಮೈಲಾಪೂರ್, ಮದರಾಸು
12-2-1961

ಮಾತೃಶ್ರೀ ಅಮ್ಮನವರ ಪಾದಗಳಿಗೆ ಬೇಬಿಯ ಅರ್ಧ ಸಾಷ್ಟಾಂಗ. (ನಿನ್ನೆಯ ಕೇಸರಿಬಾತ್ ಇನ್ನೂ ಹೊಟ್ಟೆಯಲ್ಲಿದೆ, ಪೂರ್ತಿ ಬಗ್ಗಲಾಗುತ್ತಿಲ್ಲ.)

ನಿನ್ನ ಆಜ್ಞೆಯನ್ನು ಅಕ್ಷರಶಃ ಪಾಲಿಸಿದ್ದೇವೆ. ಸೀತಕ್ಕ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಾಳೆಂದು ಗಂಡಿನ ಕಡೆಯವರಿಗೆ ತಿಳಿದರೆ ಸಂಬಂಧ ಮುರಿಯುತ್ತದೆ, ಯಾರೂ ಬಾಯಿ ಬಿಡಕೂಡದು ಎಂದು ಬರೆದಿದ್ದೆಯಲ್ಲ? ನಾವು ಯಾರೂ ಬಿಡಲಿಲ್ಲ. ಆದರೂ ತಿಳಿಯಿತು. ಅಳಬೇಡ, ಮುಂದೆ ಓದು.

ಅತ್ತಿಗೆಯ ಬಾಣಂತನದ ಗಡಿಬಿಡಿಯಲ್ಲಿ ನೀನು ಊರಲ್ಲೇ ಉಳಿದೆ. ಆ ಪಾರ್ಲರನ್ನು ಕಣ್ಣಾರೆ ನೋಡಿಯೂ ಇಲ್ಲ. ಬೋರ್ಡು ದೊಡ್ಡದು. ಒಳಗೆ ಜಲಜಾಕ್ಷಿ ಅಕ್ಕನ ಮನೆಯ ಮುಂಗೋಣೆ, ಎರಡು ಕುರ್ಚಿ, ಒಂದು ಕನ್ನಡಿ, ಬಾಗಿಲಿಗೆ ಹಳೇ ಸೀರೆಯ ಪರದೆ. ಅವರು ಕೋಡಂಬಾಕ್ಕಂ ಸಿನಿಮಾ ಸ್ಟುಡಿಯೋದಲ್ಲಿ ರಾಣಿಯರಿಗೆ ಜಡೆ ಹಾಕಿದವರು. ಈಗ ಬೀದಿಯ ಹೆಂಗಸರೆಲ್ಲ ಅವರಿಗೆ ರಾಣಿಯರೇ. ತಲೆ ಬಾಚಿಸಿಕೊಳ್ಳುವವರಿಗಿಂತ ಬೇಳೆ ಆರಿಸುತ್ತ, ಮಗು ಮಲಗಿಸುತ್ತ, ಅತ್ತೆಯನ್ನು ಬೈಯುತ್ತ ಕೂರುವವರೇ ಹೆಚ್ಚು.

ನಿನ್ನೆ ಬೆಳಿಗ್ಗೆ ಸೆರಗಿನಲ್ಲಿ ತಲೆ ಮುಚ್ಚಿಕೊಂಡು ಕಳ್ಳರ ಹಾಗೆ ಒಬ್ಬರು ಒಳಗೆ ಬಂದರು. (ನಾನು ಬಾಗಿಲ ಹಿಂದೆ ಅವಿತಿದ್ದೆ. ಯಾಕೆಂಬುದು ಆಮೇಲೆ.) ನೆರೆತ ಕೂದಲಿಗೆ ಕಪ್ಪು ಹಚ್ಚಬೇಕಂತೆ, ಗಂಡನಿಗೆ ಗೊತ್ತಾಗಬಾರದಂತೆ. ಸೀತಕ್ಕನೇ ಹಚ್ಚಿದಳು, ತೊಳೆದಳು, ಮೆತ್ತಗೆ ತಲೆ ಒತ್ತಿದಳು. ಅವರು ಕಣ್ಣು ಮುಚ್ಚಿಕೊಂಡೇ, “ಸಂಜೆ ನಮ್ಮ ಮಧ್ವರಾಜನಿಗೆ ಹೆಣ್ಣು ನೋಡ್ಲಿಕ್ಕುಂಟು ಮಗಾ, ನಂಗೇ ಎದೆ ಡವಡವ. ಅಮ್ಮ ಹೋದ ಮೇಲೆ ನನ್ನ ತಲೆ ಮುಟ್ಟಿದವರೇ ಇಲ್ಲ” ಎಂದು ಅತ್ತುಬಿಟ್ಟರು.

ಅಕ್ಕನ ಕೈ ನಿಂತಿತು. ಅವಳನ್ನೇ ನೋಡಲು ಬರಬೇಕಾದ ಗಂಡಿನ ತಾಯಿ, ಚಂದ್ರಮತಿಯಮ್ಮ! ಕೋಣೆಯಲ್ಲಿದ್ದವರಿಗೆಲ್ಲ ಅರ್ಥವಾಯಿತು, ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಈ ಬೀದಿಯ ಇತಿಹಾಸದಲ್ಲೇ ಅಂಥ ಮೌನ ಇಲ್ಲ. ಪಕ್ಕದ ಮನೆಯ ನಾಗಮಣಿ ಮಾಮಿ ತಾವು ಕಟ್ಟುತ್ತಿದ್ದ ಮಲ್ಲಿಗೆಯನ್ನಷ್ಟೂ ಅವರಿಗೆ ಮುಡಿಸಿ, ಒಳ್ಳೆಯ ಹುಡುಗಿಯೇ ಸಿಗುತ್ತಾಳೆಂದು ತಮಿಳಿನಲ್ಲಿ ಸಮಾಧಾನ ಹೇಳಿದರು.

ಸಂಜೆ ಅಪ್ಪ ಶಾಲು ಹೊದ್ದು, ನಮ್ಮ ಸೀತೆ ಹೊಸಿಲು ದಾಟಿದವಳಲ್ಲ ಎಂದು ಘೋಷಿಸುವ ಹೊತ್ತಿಗೆ ಸರಿಯಾಗಿ ಅಕ್ಕ ಕಾಫಿ ತಂದಳು. ಲೋಟ ಹಿಡಿದ ಉಗುರೆಲ್ಲ ಕಾಗೆಗಪ್ಪು! ಎಷ್ಟು ಹುಣಿಸೆಹಣ್ಣು ತಿಕ್ಕಿದರೂ ಹೋಗಿರಲಿಲ್ಲ. ಚಂದ್ರಮತಿಯಮ್ಮ ಉಗುರು ನೋಡಿದರು, ಮುಖ ನೋಡಿದರು. ಅವರ ಯಜಮಾನರು ಹುಡುಗಿಯ ಕೈಗೇನಾಯಿತೆಂದು ಕೇಳಿಯೇಬಿಟ್ಟರು.

ಚಂದ್ರಮತಿಯಮ್ಮ ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು, ಆ ಕೈಯನ್ನು ತಮ್ಮ ಸೆರಗಿನೊಳಗೆ ಮುಚ್ಚಿ ಹಿಡಿದು, “ಈ ಕೈ ನಂಗೆ ಒಪ್ಪಿಗೆ. ನೀವು ಸುಮ್ನೆ ಕಾಫಿ ಕುಡೀರಿ” ಎಂದರು. ಹೊರಡುವಾಗ ಅಕ್ಕನ ಕಿವಿಯಲ್ಲಿ, “ಮದುವೆ ಆಯ್ತೂಂತ ಕೆಲಸ ಬಿಟ್ಟೀಯೆ, ಜೋಕೆ! ಆಮೇಲೆ ನಾನೆಲ್ಲಿಗೆ ಹೋಗ್ಲಿ?” ಎಂದರಂತೆ.

ಅಪ್ಪನಿಗೆ ಇನ್ನೂ ಏನೂ ತಿಳಿದಿಲ್ಲ. ಎಲ್ಲ ಶಾಲಿನ ಮಹಿಮೆ ಎಂದುಕೊಂಡಿದ್ದಾರೆ.

ಇಂತಿ,
ನಿನ್ನ ಪರಮ ವಿಧೇಯ ಪುತ್ರಿ
ಬೇಬಿ

ತಾ. ಕ.: ಹೋದ ವಾರ ನೀನು ಕಳಿಸಿದ ಹಪ್ಪಳ ಕೊಡಲು ಗಂಡಿನ ಕಡೆಯವರು ಇಳಿದುಕೊಂಡ ಮನೆಗೆ ಹೋಗಿದ್ದೆ. ಚಂದ್ರಮತಿಯಮ್ಮ ಕನ್ನಡಿಯ ಮುಂದೆ ನಿಂತು ನೆರೆಗೂದಲಿಗೆ ಕಾಡಿಗೆ ತೀಡುತ್ತಿದ್ದರು. ನೋಡಲಾಗಲಿಲ್ಲ. ಕೆಲಸ ಬಿಡಬೇಕಾಗುತ್ತದೆಂದು ಅಕ್ಕ ದಿನಾ ಬಾಚಣಿಗೆಗಳನ್ನು ಒರೆಸಿ ಒರೆಸಿ ಇಡುವುದನ್ನೂ ನೋಡಲಾಗುತ್ತಿರಲಿಲ್ಲ. ಪಾರ್ಲರಿಗೆ ದಾರಿ ಹೇಳಿಕೊಟ್ಟೆ; ನಿನ್ನೆ ಬಾಗಿಲ ಹಿಂದೆ ಅವಿತದ್ದೂ ಅದಕ್ಕೇ. ನೀನು ಬಾಯಿ ಬಿಡಬಾರದೆಂದದ್ದು ಅಕ್ಕನ ಕೆಲಸದ ಬಗ್ಗೆ; ದಾರಿ ಹೇಳಬಾರದೆಂದು ಎಲ್ಲೂ ಬರೆದಿರಲಿಲ್ಲ.