ಗಡಿಕಲ್ಲಿನ ಪಕ್ಕದ ಹುಳ ತಿನ್ನುವ ಗಿಡ

ಗಿಡಮರಗಳ ಪಟ್ಟಿ ಮಾಡಿಸಿದ ಮಾನ್ಯ ಅಧಿಕಾರಿಗಳೇ,

ಮೊನ್ನೆ ನನಗೊಂದು ಕೆಟ್ಟ ಕನಸು ಬಿತ್ತು. ಮೂರು ಜನ ಪುಸ್ತಕ ಹಿಡಿದು ಬಂದು, ಮೂರು ದಿಕ್ಕಿನಿಂದ ನನ್ನನ್ನು ಎಣಿಸಿದರು. ‘ಇಲ್ಲಿ ಮೂವರು ದೇವೀರಮ್ಮಂದಿರಿದ್ದಾರೆ, ಒಬ್ಬಳು ಹೋದರೆ ನಷ್ಟವಿಲ್ಲ’ ಎಂದು ಬರೆದುಕೊಂಡರು. ನಾನು ಒಬ್ಬಳೇ ಎಂದು ಕೂಗಿದರೂ ದನಿ ಹೊರಡಲಿಲ್ಲ. ಹುಳ ತಿನ್ನುವ ಗಿಡಕ್ಕೆ ನೀವು ಮಾಡಿರುವುದೂ ಇದನ್ನೇ. ಪಂಚಾಯ್ತಿ ಗೋಡೆಗೆ ಅಂಟಿಸಿದ ನಿಮ್ಮ ಪಟ್ಟಿಯಲ್ಲಿ ಅದು ‘ಮೂರು ಊರಲ್ಲಿ ಕಂಡಿದೆ, ಸಾಮಾನ್ಯ’. ಆ ಒಂದು ಮಾತಿನ ಮೇಲೆ ಅದು ಬೆಳೆಯುವ ಜಾಗದಿಂದ ರಸ್ತೆಗೆ ಮಣ್ಣು ತೆಗೆಯಲು ಅಪ್ಪಣೆಯಾಗಿದೆ. ಯುಗಾದಿ ಕಳೆದರೆ ಜೆಸಿಬಿ ಬರುತ್ತದಂತೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಈಗ ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೆ ದನ ಮೇಯಿಸಿ ಬೆಳೆದವಳಾದ್ದರಿಂದ ಗಿಡದ ವಿಷಯದಲ್ಲಿ ತಿದ್ದಿಸಿಕೊಳ್ಳಬೇಕಾದವರು ನೀವು. ಎಂಟಾಣೆ ಅಗಲದ ಕೆಂಪು ಗಿಡ. ಎಲೆಯ ಕೂದಲಿನ ತುದಿಯಲ್ಲೆಲ್ಲ ಅಂಟುಹನಿ, ಕೂತ ಸೊಳ್ಳೆ ಮತ್ತೆ ಏಳುವುದಿಲ್ಲ. ಹಳೇಬೀಡಿನಿಂದ ಜಾವಗಲ್‌ಗೆ ಹೋಗುವ ರಸ್ತೆಯಿಂದ ಒಳಗೆ, ಮೂರು ಊರಿನ ಎಲ್ಲೆ ಕೂಡುವ ಗಡಿಕಲ್ಲಿನ ಪಕ್ಕ, ನೀರು ಜಿನುಗುವ ಗರಸು ನೆಲದಲ್ಲಿದೆ. ಎರಡು ಗಾಡಿ ನಿಲ್ಲಿಸುವಷ್ಟು ಜಾಗ, ಅಷ್ಟೆ. ನಲವತ್ತು ವರ್ಷದಲ್ಲಿ ಬೇರೆಲ್ಲೂ ನಾನು ಕಂಡಿಲ್ಲ. ಹಾಗಿದ್ದರೆ ಮೂರು ಊರು ಎಲ್ಲಿಂದ ಬಂತು?

ಹೋದ ಕಾರ್ತಿಕದಲ್ಲಿ ಪಟ್ಟಿ ಬರೆಯಲು ನಿಮ್ಮವರು ದಿನಕ್ಕೊಂದು ಊರಿಗೆ ಬಂದರು, ಒಂದೊಂದು ದಿನ ಬಂದವರೂ ಬೇರೆ ಬೇರೆ. ಮೊದಲೆರಡು ದಿನ ಅಕ್ಕಪಕ್ಕದ ಊರಿನವರು ಆ ಇಳಿಜಾರನ್ನೇ ತಮ್ಮದೆಂದು ತೋರಿಸಿದರು. ಮೂರನೇ ದಿನ ನಮ್ಮೂರ ಹಿರಿಯರಾದ ನಂಜಪ್ಪನವರು ನನ್ನನ್ನು ಕರೆದರು. “ಏನಮ್ಮಾ ದೇವೀರಿ, ಅವ್ರೂರ್ ಪಟ್ಟೀಲಿ ಹುಳ ತಿನ್ನೋ ಗಿಡ ಐತಂತೆ. ನಮ್ಮೂರ್ ಪಟ್ಟೀಲಿ ಇಲ್ದಿದ್ರೆ ಮರ್ವಾದೆ ಉಳೀತದಾ? ಹೋಗ್ ತೋರ್ಸು.”

“ಅದೂ ಇದೂ ಒಂದೇ ಜಾಗ ಅಲ್ವೇನಣ್ಣ?” ಎಂದೆ.

“ಕಲ್ಲಿನ್ ಈ ಕಡೆ ನಿಂತ್ಕೊಂಡು ತೋರ್ಸು, ನಮ್ದಾಯ್ತದೆ!”

ಈ ಕಡೆ ನಿಂತು ತೋರಿಸಿದೆ. ಬಂದವರು ಬಗ್ಗಿ ಕೂಡ ನೋಡದೆ, “ಇಲ್ಲಿ ಜಾಸ್ತಿನಾ?” ಎಂದರು. ಪ್ಯಾಂಟಿನವರ ಮುಂದೆ ಇಲ್ಲವೆನ್ನಲು ಅಂಜಿ “ಹೂಂ ಸಾರ್, ಜಾಸ್ತಿ ಐತೆ” ಎಂದುಬಿಟ್ಟೆ. ಆ ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಮೂರು ಊರಿನ ಪಟ್ಟಿಯನ್ನು ಒಂದು ಮೇಜಿನ ಮೇಲಿಟ್ಟು ನೋಡುವುದೂ ಅಡುಗೆಯವಳ ಕೆಲಸವೇ?

ನಮ್ಮ ಶಾಲೆಯ ಚಿತ್ರಾ ಮೇಡಂ ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಹೇಳಿಕೊಡಲು ನನ್ನನ್ನೇ ಮುಂದೆ ಬಿಡುತ್ತಾರೆ. ಇಡೀ ಶಾಲೆಯಲ್ಲಿ ನನಗೆ ಬರುವ ಪಾಠ ಅದೊಂದೇ. ಬರುವ ಕಾರ್ತಿಕದಲ್ಲಿ ಮಕ್ಕಳಿಗೆ ಗುಂಡಿ ತೋರಿಸಲೇ?

ಈ ಪತ್ರದಿಂದ ನನ್ನ ಕೆಲಸ ಹೋಗುತ್ತದೋ ಎಂಬ ಅಂಜಿಕೆ ಒಂದು ಕಡೆ. ಈಗ ಗಿಡ ಒಣಗಿ ಬೀಜ ಮಣ್ಣಿನಲ್ಲಿದೆ, ನೀವು ಈ ಬಿಸಿಲಲ್ಲಿ ಬಂದು ‘ಏನೂ ಇಲ್ಲ’ ಎಂದೂ ಬರೆದುಕೊಂಡೀರೆಂಬ ಭಯ ಇನ್ನೊಂದು ಕಡೆ. ಮಳೆಗಾಲ ಮುಗಿದು ಗಿಡ ಏಳುವ ತನಕ ಮಣ್ಣು ತೆಗೆಯುವುದನ್ನು ನಿಲ್ಲಿಸಿ. ಅದಕ್ಕೆ ನೀವು ಕುರ್ಚಿಯಿಂದ ಏಳಬೇಕಾಗಿಲ್ಲ. ಮೂರು ಪಟ್ಟಿಯಲ್ಲೂ ‘ಗಡಿಕಲ್ಲಿನ ಪಕ್ಕ’ ಎಂದೇ ಬರೆದಿದೆ. ಆ ಕಲ್ಲು ಮೂರೋ ಒಂದೋ, ದಯವಿಟ್ಟು ಇನ್ನೊಂದು ಸಲ ನೋಡಿ.

ಇಂತಿ,
ಕಲ್ಲಿನ ಈ ಕಡೆ ನಿಂತು ಕೈ ತೋರಿಸಿದವಳು,
ದೇವೀರಮ್ಮ, ಬಿಸಿಯೂಟದ ಅಡುಗೆ
ಫೆಬ್ರವರಿ 2006