ಸಾಕಮ್ಮತ್ತೆಯ ಸುಣ್ಣದ ಗೋಡೆ

ಪ್ರೀತಿಯ ಸಾಕಮ್ಮತ್ತೆ,

ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಶಾಂತಿಯ ಕೈಗೆ ಕೊಟ್ಟುಬಿಡುತ್ತೀಯ. ಮಗಳ ಮನೆ ಸೇರಿ ಮೂರು ವಾರವಾಯಿತು, ಟಿ. ನರಸೀಪುರದ ನೀರು ನಿನಗೆ ಚೆನ್ನಾಗಿ ಒಗ್ಗಿದಂತಿದೆ. ಅದಕ್ಕೇ ಈ ಕಾಗದ. ಶಾಂತಿ ಓದಿ ಹೇಳಲಿ, ನಡುವೆ ಎದ್ದು ಒಲೆ ನೋಡುವ ನೆಪ ಬೇಡ.

ತಪ್ಪು ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಂಬ ಕೊಚ್ಚಿಕೊಳ್ಳಲು ಅನುಕೂಲ.

ನಂಜನಗೂಡಿನ ಸ್ಟುಡಿಯೊದಲ್ಲಿ ಆರು ವರ್ಷ ಮದುವೆ ವಿಡಿಯೊ ಎಡಿಟ್ ಮಾಡಿದವಳು ನಾನು. ವಧುವರರ ತಲೆ ಮೇಲೆ ಕಂಪ್ಯೂಟರಿನಿಂದ ಹೂ ಸುರಿಸಿ ಸುರಿಸಿ ಬೇಜಾರಾಗಿ, ನಮ್ಮ ಬೀದಿಯ ಫಿಲ್ಮನ್ನು ನಾವೇ ಮಾಡೋಣ ಎಂದೆ. ಕಪಿಲೆ ಉಕ್ಕಿದಾಗ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ತೋರಿಸಿ, ಹೊಳೆ ದಂಡೆಗೆ ತಡೆಗೋಡೆ ಕೇಳುವುದು ನಮ್ಮ ಯೋಚನೆ. ಅದಕ್ಕಿದ್ದ ದೊಡ್ಡ ಸಾಕ್ಷಿ ನಿನ್ನ ಮನೆಯ ಮುಂದಿನ ಗೋಡೆ ಮೇಲೆ ಉಳಿದಿದ್ದ ಕೆಸರಿನ ಗೆರೆ.

ಶೂಟಿಂಗ್ ದಿನ ಬೆಳಿಗ್ಗೆ ಕ್ಯಾಮೆರಾ ಹೊತ್ತು ಬಂದರೆ ಬೀದಿಯ ಗುರುತೇ ಸಿಗಲಿಲ್ಲ. ಚರಂಡಿ ತೊಳೆದಾಗಿತ್ತು, ಬಾಗಿಲ ಮುಂದೆಲ್ಲ ರಂಗೋಲಿ, ಹೆಂಗಸರೆಲ್ಲ ಮದುವೆ ಸೀರೆಯಲ್ಲಿ. ನಿನ್ನ ಗೋಡೆಗೆ ಬೆಳ್ಳಗೆ ಸುಣ್ಣ. ಗೆರೆ ಮಾಯ. ನನ್ನ ತಲೆ ಕೆಟ್ಟುಹೋಯಿತು. ಎಲ್ಲರೆದುರಿಗೆ, "ಬೀದಿ ಕೆಲ್ಸನೇ ಕೆಡಿಸ್ಬುಟ್ಟೆ ಕಣತ್ತೆ" ಎಂದು ಕೂಗಾಡಿದೆ. ನೆಂಟರೊಬ್ಬರು ಬರುತ್ತಾರೆಂದರೇ ಸುಣ್ಣ ಬಳಿಯುವ ನೀವು, ಊರೇ ನೋಡುತ್ತದೆಂದರೆ ಸುಮ್ಮನಿರುತ್ತೀರಾ? ಇದೇ ಬೀದಿಯಲ್ಲಿ ಹುಟ್ಟಿದ ನನಗೆ ಅದು ಹೊಳೆಯಲಿಲ್ಲ. ನೀನು ಬ್ರಷ್ ತೊಳೆದಿಟ್ಟು ಬಸ್ಸು ಹತ್ತಿದೆ. ಅಮ್ಮ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ನಿನ್ನ ಮನೆಯಲ್ಲಿ ಉಂಡ ಬಾಯಿ ನನ್ನದು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೋದ ವಾರ ಎದುರುಮನೆಯ ಅರ್ಪಿತ ತನ್ನ ಫೋನ್ ತಂದುಕೊಟ್ಟಳು. ನೀನು ಸುಣ್ಣ ಬಳಿಯುತ್ತಿದ್ದಾಗ ಅವಳು ಸುಮ್ಮನೆ ವಿಡಿಯೊ ಮಾಡಿದ್ದಳು. ನೀನು ಬ್ರಷ್ ಹಿಡಿದು ಗೆರೆಯ ಮುಂದೆ ನಿಲ್ಲುತ್ತೀಯ. ಅಂಗೈಯನ್ನು ಅದರ ಮೇಲಿಟ್ಟು ಅರ್ಪಿತಳಿಗೆ ಹೇಳುತ್ತೀಯ: "ಇಲ್ಲೀಗಂಟ ಬಂದಿತ್ತು ಕಣವ್ವ ನೀರು. ಮೊಮ್ಮಗಳ್ನ ಎಗಲ್ ಮೇಲೆ ಕೂರಿಸ್ಕಂಡು ನಿಂತಿದ್ದೆ. ಈಗ ಊರೋರು ನೋಡೋ ಮನೆ, ಇಂಗೇ ಬುಡಕಾದದಾ?" ಆಮೇಲೆ ಗೆರೆಯ ಮೇಲೆ ಸುಣ್ಣ ಎಳೆಯುತ್ತೀಯ.

ನೋಡಿ ಅಳು ಬಂತು. ನಾನು ಬರೆದಿಟ್ಟಿದ್ದ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಕಿತ್ತುಹಾಕಿ, ಅದರಿಂದಲೇ ಫಿಲ್ಮ್ ಶುರುಮಾಡಿದ್ದೇನೆ. ಚೆನ್ನಾಗಿ ಬಂದಿದೆ ಅತ್ತೆ. ಇದನ್ನು ನೋಡಿದ ಮೇಲೆ ತಡೆಗೋಡೆ ಯಾಕೆ ಎಂದು ಯಾರೂ ಕೇಳಲಾರರು, ಬೇಕಾದರೆ ಬರೆದುಕೊಡುತ್ತೇನೆ.

ಆದರೆ ಫಿಲ್ಮಿನಲ್ಲಿ ಯಾರ ಮುಖ ಇದೆಯೋ ಅವರು ನೋಡಿ ಒಪ್ಪದೆ ಯಾರಿಗೂ ತೋರಿಸಬಾರದು ಎಂದು ಬೀದಿಯವರೆಲ್ಲ ಕೂತು ಮಾಡಿದ ಕಟ್ಟಳೆ ಇದೆಯಲ್ಲ. ಹಟ ಹಿಡಿದು ಅದನ್ನು ಮಾಡಿಸಿದವಳೂ ನೀನೇ. ನೀನು ಬೇಡ ಎಂದರೆ ಅಳಿಸುತ್ತೇನೆ. ಆಗ ಫಿಲ್ಮೂ ಇಲ್ಲ, ತಡೆಗೋಡೆ ಕೇಳಲು ಕೈಯಲ್ಲಿ ಬೇರೇನೂ ಇಲ್ಲ.

ಭಾನುವಾರ ಸಂಜೆ ತೋರಿಸುತ್ತೇವೆ, ಅಧಿಕಾರಿಗಳನ್ನೂ ಕರೆದಿದ್ದೇವೆ. ನೀನು ಹಿಂದಿನ ದಿನವೇ ಬಾ, ಮೊದಲು ನೀನೊಬ್ಬಳೇ ನೋಡು. ಪರದೆ ಬೇಕಲ್ಲ, ಬೀದಿಯೆಲ್ಲ ಸುತ್ತಿದೆವು. ಪಾಚಿ, ಬಿರುಕು, ಹಳೇ ಪೋಸ್ಟರು ಇಲ್ಲದ ಬಿಳಿ ಗೋಡೆ ಒಂದೇ ಸಿಕ್ಕಿತು, ನಿನ್ನದು. ಪ್ರೊಜೆಕ್ಟರ್ ಇಟ್ಟು ನೋಡಿದ್ದೇನೆ. ಅಳೆದು ಇಟ್ಟರೆ, ಗೆರೆ ಎಲ್ಲಿತ್ತೋ ಅಲ್ಲಿಗೇ ನಿನ್ನ ಅಂಗೈ ಬಂದು ಕೂರುತ್ತದೆ.

ನಂಜುಂಡಪ್ಪ ನಿನ್ನ ಗಂಟಲನ್ನು ಗಟ್ಟಿಯಾಗಿಟ್ಟಿರಲಿ. ಬಂದು ಬಯ್ಯುವುದು ಬಾಕಿ ಇದೆ.

ನಿನ್ನ ಕೈತುತ್ತು ಉಂಡ,
ಗಾನವಿ